ಹೊಗೆ ಹಾಕಿದ್ದೇವೆ, ಫೋಟೋ ಇದೆ

ಡೆಂಗಿ ಹರಡುವ ಈಡಿಸ್ ಸೊಳ್ಳೆಯದು ಹಗಲು ಡ್ಯೂಟಿ. ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಒಂದು ರೌಂಡು, ಹೊತ್ತು ಮುಳುಗುವ ಮುಂಚೆ ಇನ್ನೊಂದು. ನಮ್ಮ ಬೀದಿಗೆ ಸೊಳ್ಳೆ ಸಾಯಿಸುವ ಹೊಗೆ ಬಿಡುವ ಫಾಗಿಂಗ್ ಗಾಡಿ ಬರುವುದು ಕತ್ತಲಾದ ಮೇಲೆ. ಇಬ್ಬರೂ ಇದುವರೆಗೆ ಮುಖಾಮುಖಿ ಆಗಿಲ್ಲ. ಇಂಥ ಹೊಂದಾಣಿಕೆ ಸರ್ಕಾರದ ಎರಡು ಇಲಾಖೆಗಳ ನಡುವೆಯೂ ಇಲ್ಲ ಬಿಡಿ.

ಹೊಗೆ ಬೀದಿಗೆ, ಈಡಿಸ್ ಅಮ್ಮಾವ್ರ ವಾಸ ಮನೆಯೊಳಗೆ. ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ. ಗಾಡಿ ಸದ್ದು ಕೇಳಿದ ಕೂಡಲೇ ನಾವು ದಡಬಡ ಕಿಟಕಿ ಮುಚ್ಚಿ ಅವರನ್ನು ಕಾಪಾಡುತ್ತೇವೆ. ಹೊಗೆ ಸಾಯಿಸುವುದು ಹಾರುವ ಸೊಳ್ಳೆಯನ್ನು ಮಾತ್ರ. ನೀರೊಳಗಿನ ಮರಿಗೆ ಅದು ತಾಗುವುದೇ ಇಲ್ಲ, ವಾರ-ಹತ್ತು ದಿನದಲ್ಲಿ ಹೊಸ ಬ್ಯಾಚು ರೆಡಿ. ಆದರೆ ಡ್ರಮ್ಮಿಗೆ ಟಾರ್ಚ್ ಬಿಟ್ಟು ಮರಿ ಹುಡುಕುವ ಆಶಾ ಕಾರ್ಯಕರ್ತೆಯ ಫೋಟೋದಲ್ಲಿ ಏನು ಚೆಂದ ಇದೆ ಹೇಳಿ? ಹೊಗೆ ಅಂದರೆ ಸೀನು! ಗಾಡಿ ಗುಡುಗಬೇಕು, ಬೀದಿ ಮಾಯವಾಗಬೇಕು, ಹೊಗೆಯೊಳಗಿಂದ ಸ್ಥಳೀಯ ಮುಖಂಡರು ಪೌರಾಣಿಕ ನಾಟಕದ ಯಮಧರ್ಮನ ಹಾಗೆ ಎಂಟ್ರಿ ಕೊಡಬೇಕು.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟರೆ ದಂಡ. ನಗರದ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200. ಹಳ್ಳಿ ಸೊಳ್ಳೆಗೆ ಅರ್ಧ ರೇಟು. ನಗರದಲ್ಲಿ ಕಟ್ಟಡ ಕಟ್ಟುವ ಜಾಗಕ್ಕೆ 2,000. ಹತ್ತಂತಸ್ತು ಎಬ್ಬಿಸಿ ಬೇಸ್‌ಮೆಂಟಿನಲ್ಲಿ ಕೆರೆ ಮಾಡಿಕೊಂಡ ಬಿಲ್ಡರ್ ಸಾಹೇಬರು ಇದನ್ನು ಕೇಳಿ ನಡುಗಿರಬೇಕು, ಪಾಪ.

ಹೂಕುಂಡದ ತಟ್ಟೆಯಲ್ಲಿ ನೀರು ನಿಂತರೆ ಅಜ್ಜಿಗೆ ನೋಟಿಸ್. ಪೊಲೀಸ್ ಠಾಣೆ ಹಿಂದೆ ವರ್ಷಗಟ್ಟಲೆ ಕೊಳೆಯುವ ಜಪ್ತಿ ಗಾಡಿಗಳ ಟೈರಿನಲ್ಲಿ ಮಳೆನೀರು ನಿಂತರೆ? ಅದು ಕೇಸಿಗೆ ಸೇರಿದ್ದು, ಮುಟ್ಟುವ ಹಾಗಿಲ್ಲ. ಮರಿಗಳೂ ನ್ಯಾಯಾಂಗ ಬಂಧನದಲ್ಲಿವೆ.

ಎಲ್ಲಕ್ಕಿಂತ ಜಾಸ್ತಿ ಮಜಾ ಡ್ರಮ್ಮಿನದು. ಎಷ್ಟೋ ಊರಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ. ನೀರು ಬಿಡದೆ ಡ್ರಮ್ ತುಂಬಿಸಿಡುವಂತೆ ಮಾಡುವುದೂ ಸರ್ಕಾರದವರೇ, ಯಾಕೆ ತುಂಬಿಸಿಟ್ಟಿರಿ ಎಂದು ದಂಡ ಹಾಕುವುದೂ ಅವರೇ. ಬರೀ ಖಾಲಿ ಮಾಡಿದರೂ ಸಾಲದು. ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತದೆ, ಗಸಗಸ ಉಜ್ಜಿ ತೊಳೆಯಬೇಕು.

"ವಾರಕ್ಕೊಂದ್ಸಲ ಡ್ರಮ್ ಖಾಲಿ ಮಾಡಿ ತೊಳೀರಿ ಅಕ್ಕಾ" ಅಂತ ಆಶಾ ಕಾರ್ಯಕರ್ತೆ ಹೇಳುತ್ತಾಳೆ.

"ತೊಳೀತೀನಿ ಕಣಮ್ಮಾ. ಆಮೇಲೆ ಅನ್ನಕ್ಕೆ ನೀರಿನ ಬದಲು ಏನು, ಹೊಗೆ ಇಡ್ಲಾ?"