ಜೊಂಡು ನೆಟ್ಟರೆ ಸಾಕಾ?
ಕರೆಂಟ್ ಇಲ್ಲದೆ, ಬರೀ ಜಲ್ಲಿ ಮತ್ತು ಜೊಂಡಿನಿಂದ ಕೊಳಚೆ ನೀರು ಶುದ್ಧ ಮಾಡಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ನಿಜ. ಕೋಲಾರದ ಹತ್ತಿರ ನಮ್ಮ ಹಿತ್ತಲಲ್ಲೂ ಬಚ್ಚಲ ನೀರು, ಪಾತ್ರೆ ತೊಳೆದ ನೀರು ಎಲ್ಲ ಜಲ್ಲಿ ತುಂಬಿದ ಗುಂಡಿಗೇ ಹೋಗುತ್ತದೆ, ಮೇಲೆ ಕಾಬಾಳೆ ಗಿಡ. ಮೊದಲ ವರ್ಷವೇ ಕಟ್ಟಿಕೊಂಡಿತು! ಜಲ್ಲಿ ತೆಗೆದು ನೋಡಿದರೆ ಸಾರಿನ ಎಣ್ಣೆ, ಮುದ್ದೆ ಪಾತ್ರೆಯ ಹಿಟ್ಟು ಸೇರಿ ಕಪ್ಪು ಲೋಳೆ. ಜಿಡ್ಡು ನಿಲ್ಲೋಕೆ ಗುಂಡಿಗೂ ಮೊದಲು ಒಂದು ಸಣ್ಣ ತೊಟ್ಟಿ ಬೇಕೇ ಬೇಕು, ಅದನ್ನು ನೀವು ಹೇಳಲೇ ಇಲ್ಲ. ಗಿಡಕ್ಕಿಂತ ಜಾಸ್ತಿ ಕೆಲಸ ಮಾಡೋದು ಜಲ್ಲಿಗೆ ಅಂಟಿದ ಬ್ಯಾಕ್ಟೀರಿಯಾ ಅಲ್ವಾ. 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸೋದು) ಎರಡನೇ ಹಂತದವರೆಗೆ ಮಾತ್ರ ಶುದ್ಧವಾದದ್ದು, ಅಂದರೆ ಸಾರಜನಕ, ರಂಜಕ ಇನ್ನೂ ಉಳಿದಿರುತ್ತದೆ. ಕೆರೆಗೆ ನೀರು ಬರೋ ಬಾಯಲ್ಲಿ ಜೊಂಡು ಬೆಳೆಸಿದರೆ ಒಳ್ಳೇದೇ, ಆದರೆ ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕೋರು ಯಾರು? ಅಲ್ಲೇ ಕೊಳೆತರೆ ಹೀರಿದ ಸಾರಜನಕ, ರಂಜಕ ವಾಪಸ್ ನೀರಿಗೇ.