ಅಜ್ಜಿಯ ರೂಪಾಯಿಗೆ ನಂಬರ್ ಹಾಕಿಸಬೇಕಾ?

ನನ್ನ ಊರು ಉಡುಪಿ, ಈಗ ಇರುವುದು ನ್ಯೂಜೆರ್ಸಿಯಲ್ಲಿ. ಹಳೆ ನಾಣ್ಯದ ಆಸೆ ನನಗೆ ಚಿಕ್ಕಂದಿನಿಂದಲೂ ಉಂಟು. ಅದು ಗೊತ್ತಿರುವ ನೆಂಟರು ನಾನು ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ: "ಎಂತ ಮಾರಾಯ, ಈ ವಿಕ್ಟೋರಿಯಾ ರೂಪಾಯಿಯನ್ನು ಅಮೆರಿಕಕ್ಕೆ ತಗೊಂಡು ಹೋಗಿ ಗ್ರೇಡಿಂಗ್ ಮಾಡಿಸಿದ್ರೆ ಒಳ್ಳೆ ರೇಟ್ ಸಿಗ್ತದಂತೆ, ಅಲ್ವಾ?"

ಗ್ರೇಡಿಂಗ್ ಅಂದರೆ ನಾಣ್ಯ ಅಸಲಿಯೇ, ಎಷ್ಟು ಸವೆದಿದೆ ಎಂದು ನೋಡಿ ಅದಕ್ಕೊಂದು ಅಂಕ ಕೊಡಿಸುವುದು. ಬೇಡ ಅನ್ನುತ್ತೇನೆ. ಮೊದಲ ಕಾರಣ ಕಾನೂನು. ನೂರು ವರ್ಷ ದಾಟಿದ ನಾಣ್ಯ ಭಾರತದ 1972ರ ಪುರಾವಸ್ತು ಕಾಯ್ದೆ ಪ್ರಕಾರ ಪುರಾವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡ್ ರೂಪಾಯಿಗಳೆಲ್ಲ ಇದರಲ್ಲಿ ಬಂದವು. ಒಂದು ನಾಣ್ಯ ತಾನೇ, ಯಾರು ನೋಡ್ತಾರೆ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ.

ಹಾಗಂತ ಗ್ರೇಡಿಂಗ್ ಸುಮ್ನೆ ಖರ್ಚು ಅಂತಲ್ಲ. ಅಮೆರಿಕದಲ್ಲಿ ಕೊಡುವವರಿಗೂ ಕೊಳ್ಳುವವರಿಗೂ ಎಷ್ಟೋ ಸಲ ಪರಿಚಯವೇ ಇರುವುದಿಲ್ಲ. ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಸಂಸ್ಥೆಗಳು 1980ರ ದಶಕದಿಂದ ಇಬ್ಬರ ನಡುವೆ ನಂಬಿಕೆ ಹುಟ್ಟಿಸುವ ಕೆಲಸ ಮಾಡುತ್ತಿವೆ. ನಾಣ್ಯ ಅಸಲಿಯೇ ನೋಡಿ, 1ರಿಂದ 70ರೊಳಗೆ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚುತ್ತಾರೆ. 60ರಿಂದ ಮೇಲೆ ಅಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ. ಈಗ ಮುಂಬೈ, ಬೆಂಗಳೂರಿನ ಹರಾಜುಗಳಲ್ಲೂ ಇಂಥ ಡಬ್ಬಿಗಳು ಕಾಣುತ್ತವೆ.

ನಮ್ಮಲ್ಲಿ ರಥಬೀದಿಯ ಚಿನ್ನದಂಗಡಿಗೆ ಹೋದರೆ ರೂಪಾಯಿಯನ್ನು ತಕ್ಕಡಿಗೆ ಹಾಕುತ್ತಾರೆ. 11.66 ಗ್ರಾಂ, ನೂರಕ್ಕೆ ಸುಮಾರು 91.7 ಪಾಲು ಬೆಳ್ಳಿ, ಇವತ್ತಿನ ರೇಟ್ ಇಷ್ಟು. ಸವೆದ ಮಾಮೂಲಿ ರೂಪಾಯಿಗೆ ಈ ಲೆಕ್ಕ ತಪ್ಪೇನಲ್ಲ. ಆದರೆ 1911ರ ಜಾರ್ಜ್ ರೂಪಾಯಿಯನ್ನು ಹೀಗೆ ತೂಗಿ ಕೊಟ್ಟರೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ, ಆನೆ ಹಂದಿಯ ಹಾಗೆ ಕಂಡಿತು. ಜನ ತಕರಾರು ಮಾಡಿದರು. ಟಂಕಿಸಿದ್ದರಲ್ಲಿ ಬಹುಪಾಲನ್ನು ಸರಕಾರ ಕರಗಿಸಿತು, ಮುಂದಿನ ವರ್ಷ ಆನೆಯನ್ನು ತಿದ್ದಿತು. 1862 ಎಂದಿರುವ ರೂಪಾಯಿಯದ್ದು ಇನ್ನೊಂದು ಕತೆ. ಅದೇ ಇಸವಿ ಹಾಕಿಕೊಂಡು 1874ರವರೆಗೂ ಟಂಕಿಸಿದರು. ಹಿಂಬದಿಯ ಸಣ್ಣ ಚುಕ್ಕೆಗಳನ್ನು ಭೂತಗನ್ನಡಿ ಹಿಡಿದು ಎಣಿಸಬೇಕು. ಬೆಲೆ ನಿಂತಿರುವುದು ಆ ಚುಕ್ಕೆಗಳ ಮೇಲೆ.

ಇನ್ನು ತೊಳೆಯುವ ವಿಷಯ. ದೀಪಾವಳಿಗೆ ಲಕ್ಷ್ಮೀಪೂಜೆಯ ರೂಪಾಯಿಯನ್ನು ಹುಣಸೆಹುಳಿ ಹಾಕಿ ತಿಕ್ಕಿ ಫಳಫಳ ಮಾಡುವುದು ನಮ್ಮ ಮನೆಗಳ ಪದ್ಧತಿ. ಅಮೆರಿಕದ ಸಂಗ್ರಾಹಕರಿಗೆ ಅದೇ ದೊಡ್ಡ ದೋಷ. ತಿಕ್ಕಿದ ನಾಣ್ಯವನ್ನು ಓರೆ ಮಾಡಿ ಬೆಳಕಿಗೆ ಹಿಡಿಯಿರಿ. ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿನಲ್ಲಿ ಹೊಳೆಯುತ್ತವೆ. ಬೆಳ್ಳಿಗೆ ತಾನಾಗಿ ಬಂದ ಕಪ್ಪು ನೀಲಿ ಬಣ್ಣ ಹೋಗಿಬಿಟ್ಟಿರುತ್ತದೆ. ಗ್ರೇಡಿಂಗಿನವರು ಇದಕ್ಕೆ ಅಂಕ ಕೊಡದೆ "ಶುಚಿ ಮಾಡಿದ್ದು" ಎಂದು ಬರೆದು ಕಳಿಸುತ್ತಾರೆ. ಶುಲ್ಕ ಕೊಟ್ಟದ್ದು ಹೋಯಿತು.

ಈ ವಿಷಯದಲ್ಲಿ ನಾನು ಅಜ್ಜಿಯಂದಿರ ಪರ. ಪೂಜೆಯ ರೂಪಾಯಿ ಪೂಜೆಗೇ ಇರಲಿ. ಪ್ರತಿವರ್ಷ ಮನೆಮಂದಿಯ ಕೈಯಲ್ಲಿ ತೊಳೆಸಿಕೊಂಡು ಕುಂಕುಮ ಹಚ್ಚಿಸಿಕೊಂಡ ನಾಣ್ಯವನ್ನು ಡಬ್ಬಿಯೊಳಗೆ ಮುಚ್ಚಿ ಯಾರಿಗೆ ಏನು ಲಾಭ? ಅದನ್ನು ಮಾರುವವರು ಯಾರೂ ಇಲ್ಲ.

ಮಾರುವ ಯೋಚನೆ ನಿಜವಾಗಿ ಇದ್ದರೆ ಮಾತು ಬೇರೆ. ಆ ನಾಣ್ಯವನ್ನು ಇವತ್ತಿನಿಂದಲೇ ತೊಳೆಯಬೇಡಿ. ಅಂಚು ಮಾತ್ರ ಹಿಡಿದು ಎತ್ತಿ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಹಸಿರು ಅಂಟು ಕೂರುತ್ತದೆ, ಕಾಗದದ ಲಕೋಟೆ ಸಾಕು. ತೂಕ ನೋಡಿ. ಅಂಚಿನಲ್ಲಿ ಸುತ್ತಲೂ ಎರಕದ ಗೆರೆ ಕಂಡರೆ ನಕಲಿ ಎಂದೇ ಸಂಶಯಪಡಿ. ಇಷ್ಟಾದ ಮೇಲೂ ನಾಣ್ಯ ಅಪರೂಪದ್ದು, ಸವೆದಿಲ್ಲ ಅನಿಸಿದರೆ ಭಾರತದೊಳಗೇ ಹರಾಜು ನಡೆಸುವವರಿಗೆ ತೋರಿಸಿ. ಇಲ್ಲೇ ಗ್ರೇಡಿಂಗ್ ಮಾಡಿಸುವುದಾದರೆ ಅದರ ಶುಲ್ಕ, ಸಾಗಣೆ, ವಿಮೆ ಎಲ್ಲ ಸೇರಿಸಿ ಕೂಡಿ ನೋಡಿ. ಅಂಕ ಸಿಕ್ಕಿ ಏರುವ ಬೆಲೆ ಆ ಖರ್ಚಿನ ಎರಡು ಮೂರು ಪಟ್ಟಾದರೂ ಇರಬೇಕು ಎನ್ನುವುದು ನನ್ನ ಲೆಕ್ಕ. ನಮ್ಮ ಕಡೆಯ ಮನೆಗಳಲ್ಲಿ ನಾನು ಕಂಡ ರೂಪಾಯಿಗಳಲ್ಲಿ ಹೆಚ್ಚಿನವು ಆ ಲೆಕ್ಕಕ್ಕೆ ನಿಲ್ಲುವುದಿಲ್ಲ.