ಸತ್ಯಾಂಶ: ಕರಟ ಬಡಿದಿದ್ದು ಇತಿಹಾಸ ಗೊತ್ತಿಲ್ದೆ ಅಲ್ಲ

ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, 1975ರ 'ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್' ಅನ್ನೋ ಬ್ರಿಟಿಷ್ ಕಾಮಿಡಿ ಸಿನಿಮಾ ಮಾಡಿದೋರಿಗೆ ಮಧ್ಯಯುಗದ ಇತಿಹಾಸದ ಗಂಧಗಾಳಿನೂ ಇರ್ಲಿಲ್ಲ, ಅದಕ್ಕೇ ಇಂಗ್ಲಿಷ್ ದಂತಕಥೆಗಳ ರಾಜ ಆರ್ಥರ್‌ಗೆ ಕುದುರೆ ಬದ್ಲು ತೆಂಗಿನ ಕರಟ ಅಂತ. ಹಾಗಲ್ಲ. ಕುದುರೆ ತರೋಕೆ ದುಡ್ಡಿರ್ಲಿಲ್ಲ ಅಷ್ಟೇ. ರೇಡಿಯೋ ನಾಟಕದೋರು ಗೊರಸಿನ ಸೌಂಡಿಗೆ ಬಡೀತಿದ್ದಿದ್ದು ಇದೇ ಎರಡು ಕರಟ, ಇವರು ಅದನ್ನ ಮುಚ್ಚಿಡದೆ ಕ್ಯಾಮೆರಾ ಮುಂದೆನೇ ತಂದ್ರು. ರಾಜ ಗತ್ತಲ್ಲಿ ಕುಪ್ಪಳಿಸ್ಕೊಂಡು ಬರ್ತಾನೆ, ಹಿಂದೆ ಆಳು ಟಕ್ ಟಕ್ ಅಂತ ಕರಟ ಬಡೀತಾನೆ, ಕೋಟೆ ಮೇಲಿನ ಕಾವಲುಗಾರ ರಾಜನಿಗೆ ಮರ್ಯಾದೆ ಕೊಡೋದು ಬಿಟ್ಟು ಇಂಗ್ಲೆಂಡಲ್ಲಿ ತೆಂಗಿನಕಾಯಿ ಎಲ್ಲಿ ಸಿಕ್ತು ಅಂತ ವಾದಕ್ಕೆ ನಿಲ್ತಾನೆ (ನ್ಯಾಯವಾದ ಪ್ರಶ್ನೆನೇ!).

ಇನ್ನು ಇತಿಹಾಸದ ವಿಷ್ಯ. ಇಬ್ರು ಡೈರೆಕ್ಟರ್‌ಗಳಲ್ಲಿ ಒಬ್ರಾದ ಟೆರ್ರಿ ಜೋನ್ಸ್ ಆಕ್ಸ್‌ಫರ್ಡಲ್ಲಿ ಓದಿದೋರು, 1980ರಲ್ಲಿ ಮಧ್ಯಯುಗದ ಇಂಗ್ಲಿಷ್ ಕವಿ ಚಾಸರ್ ಬರೆದ ನೈಟ್ (ಕುದುರೆ ಸವಾರ ಯೋಧ) ಪಾತ್ರದ ಬಗ್ಗೆನೇ ಪುಸ್ತಕ ಬರೆದು, ಆತ ಆದರ್ಶ ವೀರ ಅಲ್ಲ, ಕಾಸಿಗೆ ಕತ್ತಿ ಎತ್ತೋ ಬಾಡಿಗೆ ಸೈನಿಕ ಅಂತ ವಾದಿಸಿದ್ರು. ಎಲ್ಲಾ ವಿದ್ವಾಂಸರೂ ಒಪ್ಪಿಲ್ಲ, ಅದು ಬೇರೆ ಮಾತು. ಸಿನಿಮಾದಲ್ಲೂ ಅದೇ ಕಣ್ಣು. ಸರೋವರದ ದೇವಿ ಕತ್ತಿ ಕೊಟ್ಲು, ಅದಕ್ಕೇ ನಾನು ರಾಜ ಅಂತಾನೆ ಆರ್ಥರ್, ಮಣ್ಣಲ್ಲಿ ಕೆಲ್ಸ ಮಾಡ್ತಿದ್ದ ರೈತ ಅದು ಹೆಂಗೆ ಸರ್ಕಾರ ಆಗುತ್ತೆ, ಜನ ಒಪ್ಬೇಕಲ್ವಾ ಅಂತ ಜಗಳಕ್ಕೇ ಬರ್ತಾನೆ.